ಕಿಟಕಿ ಪಕ್ಕದ ಕುರ್ಚಿ

ವಾಚನಾಲಯದ ಕಿಟಕಿ ಪಕ್ಕದ ಕುರ್ಚಿಗೆ ಗಡಿಯಾರ ರಿಪೇರಿಯವನು ಹನ್ನೊಂದು ವರ್ಷದಿಂದ ಆಸೆಪಟ್ಟಿದ್ದ. ಶನಿವಾರದ ಪದಬಂಧವನ್ನು ಮೊದಲು ತುಂಬಿಸಿದವರಿಗೆ ವಾರವಿಡೀ ಆ ಕುರ್ಚಿ ಎಂಬುದು ಅಲ್ಲಿನ ಪದಬಂಧದ ಬಳಗ ಮಾಡಿಕೊಂಡ ಕಾನೂನು. ಪದಬಂಧ ಮಾಡಿದವರಿಗೆ ಮಾತ್ರ ಕುರ್ಚಿಯಿಲ್ಲ. ನಿವೃತ್ತ ಮೇಷ್ಟ್ರು ಒಮ್ಮೆ ತಾವೇ ಪತ್ರಿಕೆಗೆ ಪದಬಂಧ ಕಳಿಸಿ, ತಾವೇ ಬಿಡಿಸಿ, ತಾವೇ ಹೋಗಿ ಕೂತಿದ್ದರಿಂದ ಈ ತಿದ್ದುಪಡಿ ಬಂದಿತ್ತು. ಎಲ್ಲರೂ ಒಂದಲ್ಲ ಒಂದು ವಾರ ಅಲ್ಲಿ ಬಿಸಿಲು ಕಾಯಿಸಿಕೊಂಡಿದ್ದರು. ನಮ್ಮವನಿಗೆ ಮಾತ್ರ ಬಾಗಿಲ ಪಕ್ಕದ ಸ್ಟೂಲು, ಬೆನ್ನಿಗೆ ಥಂಡಿಗಾಳಿ.

ಅವನೋ ಅರೆನಿದ್ದೆಯ ಮನುಷ್ಯ. ಗಡಿಯಾರ ಬಿಚ್ಚಿ ಚಕ್ರಗಳನ್ನು ನೋಡುತ್ತ ಕೂತರೆ ಎದುರಿಗೆ ಗಿರಾಕಿ ನಿಂತದ್ದೂ ತಿಳಿಯುತ್ತಿರಲಿಲ್ಲ. ಆದರೆ ಈ ಶನಿವಾರ ಅಂಗಡಿಯಲ್ಲಿ ಪತ್ರಿಕೆ ಹರಡಿದಾಗ ಸೋಜಿಗವೊಂದು ನಡೆಯಿತು. ಸುಳಿವು ಪೂರ್ತಿ ಓದುವ ಮೊದಲೇ ಉತ್ತರ ಎದ್ದು ಬರುತ್ತಿತ್ತು. ಹೋದ ಜನ್ಮದಲ್ಲಿ ನಡೆದಾಡಿದ ಬೀದಿಯಂತೆ ಪ್ರತಿ ತಿರುವೂ ಪರಿಚಿತ. ಅಂತೂ ತನಗೆ ಬುದ್ಧಿ ಬಂತೆಂದು ಅವನ ಕಣ್ಣು ತುಂಬಿತು.

ಉಳಿದದ್ದು ಒಂದೇ. 'ನಿದ್ದೆಯಲ್ಲಿ ಸಿಕ್ಕದ್ದು, ಎಚ್ಚರದಲ್ಲಿ ಕಳೆದದ್ದು.' ಐದು ಮನೆ.

ಪಕ್ಕದ ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬಂದು 'ಕನಸು' ಎಂದ. ಅದಕ್ಕೆ ಮೂರೇ ಅಕ್ಷರವೆಂದಾಗ, ಸ್ವಲ್ಪ ಉದ್ದದ ಕನಸು ಬಿದ್ದಿರಬಹುದು ಎಂದ. ಅರ್ಧ ಗಡ್ಡದವನೂ ನೊರೆ ಸಮೇತ ಬಂದು ತಲೆ ಹಾಕಿದ. ಎದುರಂಗಡಿಯ ಟೈಲರಕ್ಕ, ಸುತ್ತಲಿನ ಉತ್ತರಗಳೇ ತಪ್ಪಿರಬೇಕೆಂದು ಸರಿಯಿದ್ದ ನಾಲ್ಕನ್ನು ಅಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಕಾಗದದಲ್ಲಿ ತೂತು ಬಿದ್ದಿತ್ತು, ಐದು ಮನೆ ಮಾತ್ರ ಖಾಲಿ.

ಸಂಜೆ ನಾಲ್ಕಕ್ಕೆ ಎಲ್ಲರೂ ವಾಚನಾಲಯಕ್ಕೆ ನಡೆದರು. ಕಿಟಕಿ ಪಕ್ಕ ಕೂತಿದ್ದ ಮೇಷ್ಟ್ರೂ ಅದೇ ಸುಳಿವಿಗೆ ಸಿಕ್ಕಿಬಿದ್ದಿದ್ದರು. ತಮಗೆ ಬಾರದ ಮೇಲೆ ಸುಳಿವೇ ತಪ್ಪೆಂದು ದೂರು ಹೇಳಲು ಪತ್ರಿಕೆಗೆ ಫೋನ್ ಹಚ್ಚಿದರು. ಬಹಳ ಹೊತ್ತು ಬರೀ ಹೂಂಗುಟ್ಟಿ ಕೆಳಗಿಟ್ಟರು.

"ಮಾಮೂಲಿ ಪದಬಂಧದವರು ರಜೆಯಂತೆ. ಡ್ರಾಯರಿನಲ್ಲಿ ಬಿದ್ದಿದ್ದೊಂದನ್ನ ಹಾಕಿದಾರೆ. ಹೋದ ವರ್ಷ ಒಬ್ಬ ಹೆಂಗಸು ಕಳಿಸಿದ್ದು. ನಮ್ಮನೆಯವರು ಜ್ವರದಲ್ಲಿ ಮಾಡಿದ್ದು, ಅವರಿಗೇ ನೆನಪಿಲ್ಲ, ಅಚ್ಚಾದ್ರೆ ಖುಷಿಪಡ್ತಾರೆ ಅಂತ ಬರೆದಿದ್ದಾಳೆ."

"ಯಾರ ಮನೆಯವರು?" ಎಂದಳು ಟೈಲರಕ್ಕ.

ಮೇಷ್ಟ್ರು ನಮ್ಮವನ ಕಡೆ ತಿರುಗಿದರು. "ಗಡಿಯಾರದಂಗಡಿ ವಿಳಾಸ ಇದೆಯಂತೆ ಕಣಯ್ಯ."

ಹನ್ನೆರಡು ದಿನದ ಜ್ವರ, ಸೂರಿನಲ್ಲಿ ತೇಲುತ್ತಿದ್ದ ಕಪ್ಪುಬಿಳಿ ಮನೆಗಳು ಅವನಿಗೆ ಮಸುಕಾಗಿ ನೆನಪಾದವು. ಹೆಂಡತಿಯ ಮೇಲೆ ಅಪಾರ ಪ್ರೀತಿ ಉಕ್ಕಿತು. ಆಮೇಲೆ ಕುರ್ಚಿ ನೋಡಿದ. ಯಾರೂ ಕಾನೂನು ನೆನಪಿಸಬೇಕಾಗಲಿಲ್ಲ. ಮೇಷ್ಟ್ರು ಇನ್ನಷ್ಟು ಆರಾಮಾಗಿ ಒರಗಿದರು.

"ಇನ್ನೊಂದಿದೆ. ಉತ್ತರದ ಹಾಳೆ ಬಂದೇ ಇಲ್ಲವಂತೆ. ಕಚೇರಿಯವರೆಲ್ಲ ಬೆಳಿಗ್ಗೆಯಿಂದ ಕೂತರೂ ಅದೊಂದು ಬಿಡಿಸೋಕಾಗಿಲ್ಲ. ನಾಳೆ ಉತ್ತರ ಅಚ್ಚಾಗ್ಬೇಕು. ಆರು ಗಂಟೆಯೊಳಗೆ ನಿನ್ನನ್ನೇ ಕೇಳಿ ಹೇಳಬೇಕಂತೆ."

ಎಲ್ಲರೂ ಪೆನ್ನು ಹಿಡಿದು ಅವನ ಬಾಯಿ ನೋಡಿದರು. ಅವನು ಕಣ್ಣು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. ಕ್ಷೌರದಂಗಡಿಯವನು ಮೆಲ್ಲಗೆ ಬಂದು ಅವನ ಹಣೆ ಮುಟ್ಟಿದ.

"ತಣ್ಣಗಿದೆ," ಎಂದ ನಿರಾಶೆಯಿಂದ.

"ಬಾಗಿಲ ಪಕ್ಕವೇ ಕೂರಿಸಿ," ಎಂದರು ಮೇಷ್ಟ್ರು. "ಗಾಳಿಗೆ ಜ್ವರ ಬಂದರೂ ಬರಬಹುದು."

ಟೈಲರಕ್ಕ ಹೋಗಿ ಬಾಗಿಲ ಎರಡು ರೆಕ್ಕೆಯನ್ನೂ ಪೂರ್ತಿ ತೆರೆದಳು.