ಆಟೋಕ್ರಾಸಿಗೆ ಪ್ರಸ್ಥಾನ

ನಾಲ್ಕು ಚಕ್ರದ ವಾಹನ ಓಡಿಸುವುದು ಎರಡು ಚಕ್ರದ್ದನ್ನು ಓಡಿಸುವುದಕ್ಕಿಂತ ಸುಲಭ ಎಂಬುದನ್ನು ನಾನು ಗಣಿತದಿಂದಲೇ ಸಾಧಿಸಿ ತೋರಿಸಬಲ್ಲೆ. ಸೈಕಲ್ಲು ನಿಂತರೆ ಬೀಳುತ್ತದೆ. ಕಾರು ನಿಂತರೆ ನಿಂತೇ ಇರುತ್ತದೆ. ಇದಕ್ಕಿಂತ ಹೆಚ್ಚಿನ ಪುರಾವೆ ಯಾರಿಗೆ ಬೇಕು?

ನನ್ನ ಹೆಂಡತಿ ವಿಶಾಲಾಕ್ಷಿಗೆ ಬೇಕಾಗಿತ್ತು.

"ಶಿಂಷಾ ಸೇತುವೆ ಬಂದರೆ ಸೈಕಲ್ಲಿಂದ ಇಳಿದು ತಳ್ಳಿಕೊಂಡು ದಾಟೋರು ನೀವು. ಕಾರನ್ನೂ ತಳ್ತೀರೇನು?" ಎಂದಳು.

ಎಪ್ಪತ್ತರ ದಶಕದ ಮಾತು. ನಾನು ಮದ್ದೂರಿನ ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಗಣಿತ ಹೇಳುತ್ತಿದ್ದೆ. ಮಳವಳ್ಳಿಯಲ್ಲಿದ್ದ ನನ್ನ ಮಾವನವರು, ನಿವೃತ್ತ ಶಿರಸ್ತೇದಾರರು, ಒಂದು ಹಳೆಯ ಕಾರನ್ನು ಸಾಕಿಕೊಂಡಿದ್ದರು. ಸಾಕಿಕೊಂಡಿದ್ದರು ಎಂದೇ ಹೇಳಬೇಕು. ಶುಕ್ರವಾರ ಅದಕ್ಕೆ ಅರಿಸಿನ ಕುಂಕುಮ ತಪ್ಪುತ್ತಿರಲಿಲ್ಲ. ಈಗ ಅವರಿಗೆ ಕಣ್ಣು ಮಂಜಾಗಿ, ಕಾರನ್ನು ಯಾರಿಗಾದರೂ ಒಪ್ಪಿಸಿಬಿಡುವ ಯೋಚನೆ ಬಂದಿತ್ತು. ಉಮೇದುವಾರರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ಮಂಡ್ಯದ ರಸ್ತೆ ಕಂಟ್ರಾಕ್ಟರ್ ಪುಟ್ಟಸ್ವಾಮಿ. ಮೂರು ವರ್ಷದಿಂದ ಮಾವನವರ ಜಗಲಿಯ ಮೇಲೆ ಕೂತು, ಕಾರನ್ನೇ ನೋಡುತ್ತಾ ಕಾಫಿ ಕುಡಿದು ಹೋಗುತ್ತಿದ್ದ ಆಸಾಮಿ.

ಕಾರಿನ ಆಸೆ ನನಗಿಂತ ಹೆಚ್ಚಾಗಿ ವಿಶಾಲಾಕ್ಷಿಗಿತ್ತು. ಮದ್ದೂರಿನಿಂದ ಮಳವಳ್ಳಿಯ ತವರಿಗೆ ಅವಳು ಹೋಗುತ್ತಿದ್ದುದು ಬಸ್ಸಿನಲ್ಲಿ, ನಿಂತುಕೊಂಡು, ಒಂದು ಕಾಲು ನೆಲದ ಮೇಲೆ, ಇನ್ನೊಂದು ಯಾರದೋ ಚೀಲದ ಮೇಲೆ. "ಸಾಯೋದರೊಳಗೆ ಒಂದು ಸಲ ಕೂತುಕೊಂಡು ತವರಿಗೆ ಹೋಗಬೇಕು ಕಣ್ರೀ" ಎನ್ನುತ್ತಿದ್ದಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ನನ್ನನ್ನು ಬೇರೇನೂ ಕೇಳಿದ್ದಿಲ್ಲ. ಕೇಳಿ ಪ್ರಯೋಜನವಿಲ್ಲ ಎಂದು ಗೊತ್ತಿತ್ತು.

ಇಂಥ ಸಮಯದಲ್ಲಿ ಬೆಂಗಳೂರಿನ ಮೋಟಾರು ಹುಚ್ಚಿನ ಕೆಲವರು ಮದ್ದೂರಿಗೆ ಬಂದರು. ಕೊಪ್ಪದ ಕಡೆ ಪುಟ್ಟಸ್ವಾಮಿಯವರದೇ ಒಂದು ಜಮೀನು. ಕಬ್ಬು ಕಡಿದು ಖಾಲಿ ಬಿದ್ದಿತ್ತು. ಅಲ್ಲಿ ಟಾರು ಡ್ರಮ್ಮುಗಳನ್ನು ಅಂಕುಡೊಂಕಾಗಿ ನಿಲ್ಲಿಸಿ 'ಆಟೋಕ್ರಾಸ್' ನಡೆಸುತ್ತಾರಂತೆ. ಒಬ್ಬೊಬ್ಬರೇ ಕಾರು ತೆಗೆದುಕೊಂಡು ಡ್ರಮ್ಮುಗಳ ನಡುವೆ ಸುತ್ತಿ ಬರಬೇಕು. ಕಡಿಮೆ ಹೊತ್ತಿನಲ್ಲಿ ಬಂದವನು ಗೆದ್ದ. ಹೊಸಬರಿಗೆ ಬೇರೆ ವಿಭಾಗ. ಪುಟ್ಟಸ್ವಾಮಿ ತಮ್ಮ ಕಾರಿನೊಂದಿಗೆ ಆಗಲೇ ಹೆಸರು ಕೊಟ್ಟಿದ್ದರು.

ಮಾವನವರು ಇದನ್ನು ಕೇಳಿ, ಶಿರಸ್ತೇದಾರಿಕೆಯ ಗತ್ತಿನಲ್ಲಿ ಆಜ್ಞೆ ಹೊರಡಿಸಿದರು.

"ನೀವೂ ಸೇರಿಕೊಳ್ಳಿ. ನನ್ನ ಕಾರನ್ನೇ ಓಡಿಸಿ. ಗೆಲ್ಲೋದೇನೂ ಬೇಡ, ಕೊನೆಯವರಾಗಿ ಬರದಿದ್ದರೆ ಸಾಕು, ಕಾರು ನಿಮ್ಮದು. ಕೊನೆಯಾದರೆ ಪುಟ್ಟಸ್ವಾಮಿಗೆ. ಇನ್ನೊಂದು ಮಾತು. ನನ್ನ ಕಾರು ಇದುವರೆಗೆ ರಾಹುಕಾಲದಲ್ಲಿ ಓಡಿಲ್ಲ. ಇನ್ನು ಮುಂದೆಯೂ ಓಡಕೂಡದು."

ಎರಡೇ ಷರತ್ತು! ನಾನು ನಕ್ಕೆ.

ಒಂದು ತಿಂಗಳು ಅಭ್ಯಾಸ ನಡೆಯಿತು. ಗುರುಗಳು ನಮ್ಮ ಬೀದಿಯ ಮೆಕ್ಯಾನಿಕ್ ಬಾಷಾ ಸಾಹೇಬರು. ನಾನು ಮೊದಲು ಕಪ್ಪು ಹಲಗೆಯ ಮೇಲೆ ಡ್ರಮ್ಮುಗಳನ್ನು ಬರೆದು, ವೃತ್ತಕ್ಕೆ ಸ್ಪರ್ಶಕ ಎಳೆದು, ಯಾವ ತಿರುವನ್ನು ಯಾವ ಕೋನದಲ್ಲಿ ತೆಗೆದುಕೊಳ್ಳಬೇಕೆಂದು ಅವರಿಗೆ ವಿವರಿಸಿದೆ. ಸಾಹೇಬರು ಶ್ರದ್ಧೆಯಿಂದ ಕೇಳಿ, "ಸರಿ ಮೇಷ್ಟ್ರೇ, ಈಗ ಈ ಹಲಗೆ ಒಳಗಿಟ್ಟು ಬನ್ನಿ" ಎಂದರು.

ರಸ್ತೆಯಲ್ಲಿ ಒಂದು ಎಮ್ಮೆ ಅಡ್ಡ ಬಂತು. ನಾನು "ಹೋ! ಹೋ! ಹೋ!" ಎಂದು ಕೂಗಿದೆ. ಎಮ್ಮೆ ನಿಂತಿತು. ಕಾರು ನಿಲ್ಲಲಿಲ್ಲ. ಸಾಹೇಬರು ಪಕ್ಕದಿಂದ ಕೈ ಹಾಕಿ ಸ್ಟೇರಿಂಗು ತಿರುಗಿಸಿದ್ದರಿಂದ ಎಮ್ಮೆ ಉಳಿಯಿತು. ಬೇಲಿ ಉಳಿಯಲಿಲ್ಲ.

"ಮೇಷ್ಟ್ರೇ, ಬ್ರೇಕು ಕಾಲಲ್ಲಿ ಒತ್ತೋದು. ಬಾಯಲ್ಲಿ ಅಲ್ಲ."

"ಗೊತ್ತು ಸಾಹೇಬರೇ. ಮರೆತೆ."

"ಅಲ್ಲಾ, ಎಮ್ಮೆಗೆ ಗೊತ್ತಾಯ್ತಲ್ಲಾ ಮೇಷ್ಟ್ರೇ ನಿಮ್ ಮಾತು!"

ಹೀಗೆ ಎರಡು ಬೇಲಿ, ಒಂದು ಹುಲ್ಲಿನ ಮೆದೆ, ಪರಿಚಯಸ್ಥರೊಬ್ಬರ ಹಪ್ಪಳದ ಮಂಚ ಇವುಗಳ ಮೇಲೆ ವಿದ್ಯಾಭ್ಯಾಸ ಮುಗಿಸಿ, ನಾನು ಮೂರೇ ನಿಮಿಷದಲ್ಲಿ ಒಂದು ಡ್ರಮ್ಮನ್ನೂ ಮುಟ್ಟದೆ ಸುತ್ತಿ ಬರುವಷ್ಟು ಪರಿಣತನಾದೆ. ಸಾಹೇಬರೇ ಆಶ್ಚರ್ಯಪಟ್ಟರು. ಸುಳ್ಳಲ್ಲ.

ಸ್ಪರ್ಧೆ ಭಾನುವಾರ ಮಧ್ಯಾಹ್ನ. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರು. ನನ್ನ ಸರದಿ ಎಲ್ಲರಿಗಿಂತ ಕೊನೆಗಾದರೂ ಮೂರೂ ಮುಕ್ಕಾಲಿಗೆ. ಮಾವನವರು ಜೇಬು ಗಡಿಯಾರ ಹಿಡಿದು, ಪಂಚಾಂಗವನ್ನು ಕಂಕುಳಲ್ಲಿಟ್ಟುಕೊಂಡು ಮಳವಳ್ಳಿಯಿಂದ ಬಂದು ಕುರ್ಚಿ ಹಾಕಿಸಿಕೊಂಡರು. ವಿಶಾಲಾಕ್ಷಿ ತಲೆ ತುಂಬ ಕನಕಾಂಬರ ಮುಡಿದು ಬಂದಿದ್ದಳು. ಸಂಜೆ ಕಾರಿನಲ್ಲೇ ತವರಿಗೆ ಹೊರಡುವುದೆಂದು ಬಟ್ಟೆಯ ಗಂಟನ್ನೂ ತಂದಿದ್ದಳು!

ಹೊಸಬರ ವಿಭಾಗದಲ್ಲಿ ಏಳು ಜನ. ಮೊದಲ ಐವರು ಎರಡೋ ಮೂರೋ ನಿಮಿಷದಲ್ಲಿ ಮುಗಿಸಿದರು. ಆರನೆಯವರು ಪುಟ್ಟಸ್ವಾಮಿ. ಜೀವಮಾನವೆಲ್ಲ ರಸ್ತೆ ಮಾಡಿದ ಮನುಷ್ಯ ಮೊದಲನೇ ತಿರುವಿನಲ್ಲೇ ರಸ್ತೆ ಬಿಟ್ಟರು. ಕಾರು ಡ್ರಮ್ಮುಗಳಿಗೆ ನಮಸ್ಕಾರ ಹೇಳಿ, ಬದು ಹತ್ತಿ, ನೀರಿನ ಕಾಲುವೆಗೆ ಮೂತಿ ಇಟ್ಟು ಕುಳಿತುಬಿಟ್ಟಿತು.

"ಏ, ತಕ್ಕೊಂಡ್ ಬರ್ರಲಾ ಎತ್ಗುಳ್ನ!" ಎಂದು ಪುಟ್ಟಸ್ವಾಮಿ ಕಾಲುವೆಯಿಂದಲೇ ಗರ್ಜಿಸಿದರು. "ನೋಡ್ಕಂಡ್ ನಿಂತವ್ರೆ, ಸಿನಿಮಾ ಬಂದಂಗೆ!"

ಎತ್ತು ಬಂದವು, ಹಗ್ಗ ಬಂತು. ಕಾರಿನ ಮುಂದಕ್ಕೆ ಎತ್ತು ಕಟ್ಟಿ, ಪುಟ್ಟಸ್ವಾಮಿ ಒಳಗೆ ಸ್ಟೇರಿಂಗು ಹಿಡಿದು ಗಂಭೀರವಾಗಿ ಕುಳಿತು, ಎಲ್ಲ ಡ್ರಮ್ಮುಗಳನ್ನೂ ಸುತ್ತಿ ಕೊನೆಯ ಗೆರೆ ದಾಟಿದರು. ಗಡಿಯಾರ ಹಿಡಿದಿದ್ದವನು ಕಪ್ಪು ಕನ್ನಡಕದ ಬೆಂಗಳೂರಿನ ಯುವಕ, ಬಲು ಶಿಸ್ತಿನವನು. ಎತ್ತು ಕಟ್ಟಬಾರದೆಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲವಾಗಿ, ಅವನು ಸಮಯವನ್ನು ಘೋಷಿಸಿಯೇಬಿಟ್ಟ: ಮೂವತ್ತೆಂಟು ನಿಮಿಷ!

ನನಗೆ ಕುಣಿಯುವಷ್ಟು ಸಂತೋಷವಾಯಿತು. ಮೂವತ್ತೆಂಟು ನಿಮಿಷ! ನಡೆದುಕೊಂಡು ಸುತ್ತಿದರೂ ನಾನು ಕೊನೆಯವನಾಗುವುದು ಸಾಧ್ಯವಿರಲಿಲ್ಲ. ಕಾರು ನಮ್ಮದೇ ಆಯಿತೆಂದು ವಿಶಾಲಾಕ್ಷಿ ಬಟ್ಟೆಯ ಗಂಟನ್ನು ಹಿಂದಿನ ಸೀಟಿನಲ್ಲಿ ಇಟ್ಟೇಬಿಟ್ಟಳು.

ಉರುಳಿದ ಡ್ರಮ್ಮುಗಳನ್ನು ನಿಲ್ಲಿಸಿ ನನ್ನನ್ನು ಕರೆಯುವ ಹೊತ್ತಿಗೆ ನಾಲ್ಕೂ ಇಪ್ಪತ್ತೇಳು.

ಮಾವನವರು ಎದ್ದು ನಿಂತರು. "ಮೂರು ನಿಮಿಷ ಇದೆ. ನಿಮಗೆ ಎಷ್ಟು ಬೇಕು?"

"ಮೂರು ನಿಮಿಷ."

"ಹೊರಡೋಕೆ ಅರ್ಧ ನಿಮಿಷ ಹಿಡಿದರೆ? ಕೊನೇ ತಿರುವಿನಲ್ಲಿ ರಾಹು ಬಂದು ಕೂತುಕೊಂಡರೆ?"

ಲೆಕ್ಕದ ಪ್ರಕಾರ ಅವರ ಆಕ್ಷೇಪಣೆ ಸರಿಯಾಗಿಯೇ ಇತ್ತು. ಆಗ ನನ್ನ ತಲೆಗೆ ಒಂದು ಅಮೋಘವಾದ ಉಪಾಯ ಹೊಳೆಯಿತು. ಇಂಥವು ನನಗೆ ಆಗಾಗ ಹೊಳೆಯುತ್ತವೆ, ಅದೇ ಕಷ್ಟ.

"ಪ್ರಸ್ಥಾನ ಇಟ್ಟುಬಿಡೋಣ!" ಎಂದೆ.

ನಮ್ಮ ಮನೆಗಳಲ್ಲಿ ಇದು ಹಿಂದಿನಿಂದ ನಡೆದುಬಂದದ್ದು. ಹೊರಡುವ ಹೊತ್ತು ಚೆನ್ನಾಗಿಲ್ಲದಿದ್ದರೆ, ಒಳ್ಳೆಯ ಹೊತ್ತಿನಲ್ಲೇ ಒಂದು ಗಂಟನ್ನು ಹೊಸಿಲಾಚೆ, ಪಕ್ಕದ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾಯಿತೆಂದೇ ಅರ್ಥ. ಆಮೇಲೆ ನಿಧಾನವಾಗಿ ಹೋದರಾಯಿತು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ಲು ಎಸೆದಂತೆ.

ಮಾವನವರ ಮುಖ ಅರಳಿತು. "ಶಾಸ್ತ್ರಸಮ್ಮತ!" ಎಂದರು. ಹನ್ನೊಂದು ವರ್ಷದಲ್ಲಿ ಅಳಿಯನನ್ನು ಅವರು ಮೆಚ್ಚಿಕೊಂಡದ್ದು ಅದೇ ಮೊದಲು.

ನಾಲ್ಕೂ ಇಪ್ಪತ್ತೆಂಟಕ್ಕೆ ಸರಿಯಾಗಿ ಬಾವುಟ ಕೆಳಗಿಳಿಯಿತು. ನಾನು ಕಾರನ್ನು ಗಾಂಭೀರ್ಯದಿಂದ ಗೆರೆ ದಾಟಿಸಿ, ಹತ್ತಡಿ ಮುಂದೆ ಹೋಗಿ ನಿಲ್ಲಿಸಿದೆ. ಎಂಜಿನ್ ಆರಿಸಿದೆ. ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ ವಾಪಸು ಬಂದೆ.

ಜನ ಏನೇನೋ ಕೂಗಿದರು. ಕಪ್ಪು ಕನ್ನಡಕದವನು ಓಡಿಬಂದ. "ಸರ್, ಏನಾಯ್ತು? ಗಾಡಿ ಕೆಟ್ಟಿತೇ?"

"ಏನೂ ಇಲ್ಲ. ಆರು ಗಂಟೆಗೆ ಹೊರಡ್ತೀನಿ."

"ಆರು ಗಂಟೆಗೇ? ಸರ್, ನಾನು..."

"ನೀವು ಕೂತ್ಕೊಳ್ಳಿ, ಪರವಾಗಿಲ್ಲ. ನನ್ನಿಂದ ನಿಮಗೆ ತೊಂದರೆ ಬೇಡ" ಎಂದು ಅವನ ಬೆನ್ನು ತಟ್ಟಿ, ಜನ ಕೂರಲು ಹಾಕಿದ್ದ ಚಪ್ಪರದ ಕಡೆ ನಡೆದೆ. ಅಲ್ಲಿ ಬಿಸಿ ಮದ್ದೂರು ವಡೆ ಬಂದಿತ್ತು.

ಒಂದೂವರೆ ಗಂಟೆ ಸುಖವಾಗಿ ಕಳೆಯಿತು. ವಡೆ ತಿಂದೆವು. ಕಾಫಿ ಕುಡಿದೆವು. ಮಾವನವರು ಪುಟ್ಟಸ್ವಾಮಿಗೆ ರಾಹು ಕೇತುಗಳ ಪೂರ್ವೋತ್ತರ ಹೇಳಿದರು. ಕಪ್ಪು ಕನ್ನಡಕದ ಯುವಕ ಮಾತ್ರ ಬಿಸಿಲಲ್ಲೇ ಕೂತು, ವಡೆ ಬೇಡವೆಂದು, ಕೈಯಲ್ಲಿದ್ದ ಗಡಿಯಾರವನ್ನೇ ದಿಟ್ಟಿಸುತ್ತಿದ್ದ. ನೋಡಿ ನನ್ನ ಮನಸ್ಸು ತುಂಬಿ ಬಂತು.

"ನೋಡು ವಿಶಾಲು, ಬೆಂಗಳೂರಿನ ಹುಡುಗ. ಆದರೂ ರಾಹುಕಾಲದ ಮೇಲೆ ಎಷ್ಟು ಶ್ರದ್ಧೆ! ಯಾವಾಗ ಮುಗಿಯುತ್ತೋ ಅಂತ ಗಡಿಯಾರ ನೋಡ್ತಾನೇ ಇದ್ದಾನೆ."

ವಿಶಾಲಾಕ್ಷಿ ಅವನನ್ನು ನೋಡಿದಳು. ಗಡಿಯಾರವನ್ನು ನೋಡಿದಳು. "ರೀ... ಆ ಗಡಿಯಾರ ಓಡ್ತಾ ಇದೆಯಲ್ವಾ?"

"ಗಡಿಯಾರ ಅಂದಮೇಲೆ ಓಡದೆ ಇನ್ನೇನು ಮಾಡುತ್ತೆ?" ಎಂದು ನಾನು ಇನ್ನೊಂದು ವಡೆಗೆ ಕೈ ಹಾಕಿದೆ.

ಆರು ಕಳೆದು ಒಂದು ನಿಮಿಷ. ರಾಹು ತೊಲಗಿತ್ತು. ನಾನು ಕಾರು ಹತ್ತಿದೆ. ಆಹಾ, ಆವತ್ತು ನಾನು ಓಡಿಸಿದ್ದನ್ನು ನೀವು ನೋಡಬೇಕಿತ್ತು! ಪ್ರತಿ ಡ್ರಮ್ಮಿಗೂ ಹಾರ್ನು, ಪ್ರತಿ ತಿರುವಿಗೂ ಕಿಟಕಿಯಿಂದ ಕೈ. ಒಂದು ಡ್ರಮ್ಮೂ ಅಲುಗಲಿಲ್ಲ. ಹಾರ ಹಾಕಿಸಿಕೊಳ್ಳಲು ಸಿದ್ಧನಾಗಿ ಕತ್ತು ಬಾಗಿಸಿಕೊಂಡೇ ಕೆಳಗಿಳಿದೆ.

ಕಪ್ಪು ಕನ್ನಡಕದವನು ಗಡಿಯಾರ ಒತ್ತಿ, ಚೀಟಿ ಬರೆದು ನನ್ನ ಕೈಗಿತ್ತ.

ಒಂದು ಗಂಟೆ ಮೂವತ್ತಾರು ನಿಮಿಷ.

"ಇದು ಅನ್ಯಾಯ! ನಾನು ಓಡಿಸಿದ್ದು ಮೂರು ನಿಮಿಷ!" ಎಂದೆ.

"ಸರ್, ಗೆರೆ ದಾಟಿದ ಮೇಲೆ ಹೊರಟ ಹಾಗೇ ಲೆಕ್ಕ. ನೀವು ನಾಲ್ಕೂ ಇಪ್ಪತ್ತೆಂಟಕ್ಕೇ ಹೊರಟುಬಿಟ್ಟಿರಿ."

ನಾನು ಮಾವನವರ ಕಡೆ ನೋಡಿದೆ. ಅವರು ಪಂಚಾಂಗ ಮುಚ್ಚಿದರು. "ಅವರು ಹೇಳೋದು ಸರಿ. ಪ್ರಸ್ಥಾನ ಆದಮೇಲೆ ಪ್ರಯಾಣ ಶುರುವಾದ ಹಾಗೇ. ಶಾಸ್ತ್ರವೂ ಅದನ್ನೇ ಹೇಳೋದು." ನನ್ನ ಉಪಾಯವನ್ನು ಶಾಸ್ತ್ರವೂ ಒಪ್ಪಿತು, ಬೆಂಗಳೂರಿನವರೂ ಒಪ್ಪಿದರು. ಒಪ್ಪದೆ ಉಳಿದವನು ನಾನೊಬ್ಬನೇ.

"ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ" ಎಂದರು ಪುಟ್ಟಸ್ವಾಮಿ. "ನಮ್ ಎತ್ಗುಳು ಸ್ವಲ್ಪ ಬಿರುಸು ಕಣ್ರೀ. ಅವುಕ್ಕೆ ರಾಹುಕಾಲ ಗೊತ್ತಾಗಾಕಿಲ್ಲ."

ಐವತ್ತೆಂಟು ನಿಮಿಷ ಬಿರುಸು!

ಮಾವನವರು ಮಾತು ತಪ್ಪುವವರಲ್ಲ. ಅಲ್ಲೇ ಕಾರು ಪುಟ್ಟಸ್ವಾಮಿಯ ಪಾಲಾಯಿತು. ಅವರ ಡ್ರೈವರು ಕಾಲುವೆಯ ಕಾರಿನ ಜೊತೆ ಗ್ಯಾರೇಜಿಗೆ ಹೋಗಿದ್ದ. ಸ್ಟೇರಿಂಗು ತಾಗಿ ಪುಟ್ಟಸ್ವಾಮಿಯ ಮಣಿಕಟ್ಟು ಊದಿತ್ತು.

"ಮೇಷ್ಟ್ರೇ, ಮಂಡ್ಯದಲ್ಲಿ ನಮ್ಮನೇಗಂಟ ನೀವೇ ಓಡಿಸ್ಕಂಡ್ ಬಂದ್ಬುಡಿ. ಈಗ ರಾಹುಕಾಲಾನೂ ಇಲ್ವಲ್ಲ."

ವಿಶಾಲಾಕ್ಷಿ ಗಂಟಿನ ಪಕ್ಕ ಹಿಂದಿನ ಸೀಟಿನಲ್ಲಿ ಕುಳಿತಳು. ತವರು ಮಳವಳ್ಳಿ ಒಂದು ದಿಕ್ಕು, ನಾವು ಹೊರಟ ಮಂಡ್ಯ ಇನ್ನೊಂದು ದಿಕ್ಕು. ದಾರಿಯುದ್ದಕ್ಕೂ ಅವಳು ಹೇಳಿದ್ದು ಇಷ್ಟೇ: "ಕೂತುಕೊಂಡಂತೂ ಹೋಗ್ತಾ ಇದ್ದೀನಿ."

ಪುಟ್ಟಸ್ವಾಮಿಯವರ ಮನೆಯ ಜಗಲಿಯಲ್ಲಿ ಅವರ ತಾಯಿ ಎಲೆ ಅಡಿಕೆ ಮೆಲ್ಲುತ್ತಾ ಕುಳಿತಿದ್ದರು. ಮಗ ಕೈ ತೊಳೆಯಲು ಒಳಗೆ ಹೋದರು. ನನ್ನ ಮೈತುಂಬ ಧೂಳು, ತಲೆಗೆ ಟವೆಲ್ಲು. ನಾನು ಇಳಿದು ವಿಶಾಲಾಕ್ಷಿಗೆ ಬಾಗಿಲು ತೆಗೆದುಕೊಟ್ಟೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಒಸಾ ಡ್ರೈವರ್ರೇನಪ್ಪ? ಅಳೇ ಮುಂಡೇದು ಬೋ ಬಿರ್ರನೆ ಓಡುಸ್ತಿತ್ತು. ನೀನಾರಾ ನಿದಾನುಕ್ಕೆ ಓಡಿಸ್ತೀಯಾ?"

"ನನ್ನಷ್ಟು ನಿಧಾನ ಈ ಜಿಲ್ಲೆಯಲ್ಲೇ ಯಾರೂ ಇಲ್ಲ ತಾಯಿ. ಬರಹದಲ್ಲಿದೆ" ಎಂದು ಜೇಬಿನಿಂದ ಚೀಟಿ ತೆಗೆದು ತೋರಿಸಿದೆ.

"ಅಂಗಾರೆ ನಾಳಿಂದ್ಲೇ ಬಂದ್ಬುಡು."

"ನಾಳೆ ಆಗುವುದಿಲ್ಲ ತಾಯಿ. ಸ್ಕೂಲಿದೆ."

ಅಜ್ಜಿ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ, ನನ್ನ ನರೆತ ಮೀಸೆಯನ್ನು ಬಹಳ ಹೊತ್ತು ನೋಡಿ, ವಿಶಾಲಾಕ್ಷಿಯ ಕಡೆ ತಿರುಗಿದರು.

"ಅಯ್ಯೋ ಪಾಪ, ಇನ್ನೂ ಓದ್ತಾ ಅವ್ನೇನಮ್ಮ?"

"ಹೂಂ ಕಣಜ್ಜಿ" ಎಂದಳು ವಿಶಾಲಾಕ್ಷಿ. "ಹದಿನಾಲ್ಕು ವರ್ಷದಿಂದ ಹತ್ತನೇ ಕ್ಲಾಸಿನಲ್ಲೇ ಇದ್ದಾರೆ."