ಬಸವನಿಗೆ ಸೋಮವಾರ ಸೂಟಿ

ರಾಚಪ್ಪ: ಸೋಮವಾರ ಬಸವನ್ನ ಹೂಡಂಗಿಲ್ಲ ಅಂದ್ರ ಹೂಡಂಗಿಲ್ಲ ತಮ್ಮಾ. ನಿನ್ನ ಲ್ಯಾಪ್‌ಟಾಪಿಗೆ ಅಷ್ಟೂ ಗೊತ್ತಿಲ್ಲೇನು?

ಕಲ್ಮೇಶ: ಸಾವ್ಕಾರ್ರ, ನಾ ಎತ್ತಿನ ಮಾತು ಆಡಾಕತ್ತಿಲ್ರಿ. ಮಾಲು ಹೇರೋ ಟೆಂಪೊ ಅಂದೇನಿ.

ರಾಚಪ್ಪ: ಟೆಂಪೊದ ಹೆಸರ ಬಸವ. ಗಾಜಿನ ಮ್ಯಾಲೆ ಬರಸೀವಿ, ನೋಡ್ಕೊಂಡು ಬಾ.

ಕಲ್ಮೇಶ: ಅದಕ್ಕ ಡೀಸೆಲ್ ಹಾಕ್ತೀರಲ್ರಿ.

ರಾಚಪ್ಪ: ಎತ್ತಿಗೂ ಮೇವು ಹಾಕ್ತೇವಿ. ಹಂಗಂತ ಸೋಮವಾರ ಹೂಡ್ತೇವೇನು?

ಇಂಡಿ ಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದೆ ರಾಚಪ್ಪನವರ ನಿಂಬೆ ಉಪ್ಪಿನಕಾಯಿ ಕಂಪನಿ. ಈಚೆಗೆ ‘ಪ್ರೈವೇಟ್ ಲಿಮಿಟೆಡ್’ ಎಂದು ಬೋರ್ಡು ಬದಲಾಗಿದೆ, ಕುರ್ಚಿಗಳು ಬದಲಾಗಿಲ್ಲ. ಪ್ಲಾನಿಂಗ್ ಮ್ಯಾನೇಜರ್ ಬೇಕೆಂಬ ಜಾಹೀರಾತು ನೋಡಿ ಎಂಬಿಎ ಕಲ್ಮೇಶ ಮುದ್ದೇಬಿಹಾಳದಿಂದ ಮೊದಲ ಬಸ್ಸಿಗೆ ಬಂದಿದ್ದ. ಇದು ಅವನ ನಾಲ್ಕನೆಯ ಸಂದರ್ಶನ. ಹಿಂದಿನ ಮೂರು ಕಡೆ ‘ತಿಳಿಸ್ತೇವಿ’ ಅಂದವರು ಇನ್ನೂ ತಿಳಿಸಿಲ್ಲ. ಇದೂ ಕೈಬಿಟ್ಟರೆ ಸೋದರಮಾವನ ಗೊಬ್ಬರದ ಅಂಗಡಿಯೇ ಗತಿ, ಆ ಮಾವನ ಬಾಯಿಯ ಹೆದರಿಕೆ ಅವನಿಗೆ ಚೆನ್ನಾಗಿಯೇ ಇತ್ತು. ಮೂಲೆಯಲ್ಲಿ ರಾಚಪ್ಪನವರ ಹೆಂಡತಿ ಸುಮಿತ್ರಾಬಾಯಿ ತಲೆ ಎತ್ತದೆ ನಿಂಬೆಹಣ್ಣು ಆರಿಸುತ್ತಿದ್ದರು.

ರಾಚಪ್ಪ: ಮ್ಯಾನೇಜರಗ ಏನೇನು ಗುಣ ಇರಬೇಕಂತ ಮಗಳು ಪ್ರಿಂಟ್ ತಗದು ಕೊಟ್ಟಾಳ. ಒಂದನೇದ್ದು, ದೂರದೃಷ್ಟಿ. ಐತಿ?

ಕಲ್ಮೇಶ: ಐತ್ರಿ. ಐದು ವರ್ಷದ ಪ್ಲಾನ್ ತಂದೇನಿ.

ರಾಚಪ್ಪ: ಐದು ವರ್ಷ ಕಡೀಗಿಡು. ಮುಂದಿನ ವಾರ ಸಿಂದಗಿಗೆ ಮಾಲು ಯಾವಾಗ ಕಳಸ್ತಿ?

ಕಲ್ಮೇಶ: ಸೋಮವಾರ ಬ್ಯಾಡಂದ್ರ ಮಂಗಳವಾರ.

ರಾಚಪ್ಪ: ಮಂಗಳವಾರ, ಶುಕ್ರವಾರ ಲಕ್ಷ್ಮಿ ಹೊಸ್ತಿಲ ದಾಟಬಾರದು.

ಕಲ್ಮೇಶ: ಅದು ಉಪ್ಪಿನಕಾಯಿ ಅಲ್ಲೇನ್ರಿ?

ರಾಚಪ್ಪ: ಮಂದಿಗೆ ಉಪ್ಪಿನಕಾಯಿ. ನಮಗ ಅದ ಲಕ್ಷ್ಮಿ.

ಕಲ್ಮೇಶ: ಬುಧವಾರ?

ರಾಚಪ್ಪ: ಅಮಾಸಿ.

ಕಲ್ಮೇಶ: ಗುರುವಾರ?

ರಾಚಪ್ಪ: ಡ್ರೈವರ್ ಸೋಮನಿಂಗನ ಉಪವಾಸ. ಹಸದವನ ಕೈಯಾಗ ಸ್ಟೇರಿಂಗ್ ಕೊಡಬಾರದು. ಅಪಾಯ ನಿರ್ವಹಣೆ ಅಂತ ಮೂರನೇ ನಂಬರಿನಾಗ ಬರದೈತಿ ನೋಡು.

ಕಲ್ಮೇಶ: ಶನಿವಾರ, ರವಿವಾರ ಉಳದಾವಲ್ರಿ.

ರಾಚಪ್ಪ: ಕಂಪನಿ ಅಂದಮ್ಯಾಲೆ ಶನಿವಾರ, ರವಿವಾರ ಸೂಟಿ. ಬೆಂಗಳೂರಾಗ ಹಂಗ ಐತಂತ.

ಕಲ್ಮೇಶ: ಹಂಗಾರ ಒಂದು ದಿನಾನೂ ಉಳೀಲಿಲ್ಲಲ್ರಿ!

ರಾಚಪ್ಪ: ಮಾಲು ಮಾತ್ರ ವಾರಾ ವಾರಾ ಹೋಗಬೇಕು. ಅದಕ್ಕ ಅಲ್ಲೇನು ಮ್ಯಾನೇಜರ್ ಬೇಕಾಗಿರೂದು?

ಕಲ್ಮೇಶ ಲ್ಯಾಪ್‌ಟಾಪ್ ಮುಚ್ಚಿದ. ಬೆಳಗ್ಗಿನಿಂದ ಹೊಟ್ಟೆಯಲ್ಲಿ ಬರೀ ಚಹಾ ಇತ್ತು, ಸಿಟ್ಟು ಏರಲು ಅಷ್ಟು ಸಾಕು.

ಕಲ್ಮೇಶ: ಸಾವ್ಕಾರ್ರ, ತಪ್ಪು ತಿಳೀಬ್ಯಾಡ್ರಿ. ಇದು ಆಗಂಗಿಲ್ರಿ. ಬ್ರಹ್ಮ ಬಂದು ಪ್ಲಾನ್ ಹಾಕಿದ್ರೂ ಆಗಂಗಿಲ್ಲ. ಒಂದು ದಿನಾನಾದ್ರೂ ಬಿಟ್ಟುಕೊಡ್ರಿ, ಇಲ್ಲಾ ಗಿರಾಕಿ ಕಳಕೋರಿ. ನನಗ ಕೆಲಸ ಕೊಡದಿದ್ರೂ ನಡೀತೈತಿ.

ನಡೆಯುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಚೀಲ ಹೆಗಲಿಗೇರಿಸಿ ಎದ್ದಾಗ ಸುಮಿತ್ರಾಬಾಯಿ ಮೊದಲ ಸಲ ತಲೆ ಎತ್ತಿದರು.

ಸುಮಿತ್ರಾಬಾಯಿ: ಕುಂಡ್ರಪಾ. ವಾರದ ಮಾಲೆಲ್ಲಾ ಸೋಮವಾರ ಕೊಲ್ಹಾರದ ಮುಕ್ತಾರನ ಗಾಡ್ಯಾಗ ಹೋಗ್ತೈತಿ. ಶುಕ್ರವಾರ ಅವ ನಮಾಜಿಗೆ ಗಾಡಿ ನಿಂದರಸ್ತಾನ, ಆವತ್ತ ಅವನ ಮಾಲು ನಮ್ಮ ಬಸವ ಹೇರ್ತಾನ. ಹನ್ನೆರಡು ವರ್ಷ ಆತು.

ರಾಚಪ್ಪ: ಏ, ನಮ್ಮ ಮಾಲು ಸೋಮವಾರ ಹೋಗ್ತೈತೇನು? ನನಗ ಯಾರು ಹೇಳ್ಯಾರ?

ಸುಮಿತ್ರಾಬಾಯಿ: ನೀವು ಗುಡಿಗೆ ಹೋಗಿರ್ತೀರಿ. ಬಂದು ‘ಬಸವ ಮನ್ಯಾಗ ಅದಾನೋ ಇಲ್ಲೋ’ ಅಂತ ಕೇಳ್ತೀರಿ. ಅದಾನ ಅಂತೇನಿ. ಸುಳ್ಳು ಹೇಳಿಲ್ಲ.

ರಾಚಪ್ಪ: ಮುಕ್ತಾರಂದು ಏನು ಮಾಲು?

ಸುಮಿತ್ರಾಬಾಯಿ: ಕೊಲ್ಹಾರದ ಹಿನ್ನೀರಿನಾಗ ಸಿಗೂವಂಥಾದ್ದು. ಹೆಚ್ಚು ಕೇಳಬ್ಯಾಡ್ರಿ. ವಾಸನಿ ಹೋಗ್ಲೆಂತ ಶನಿವಾರ ಗಾಡಿ ತೊಳಸ್ತೇನಿ.

ರಾಚಪ್ಪನವರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು.

ಕಲ್ಮೇಶ: ಅವ್ವಾರ, ಮ್ಯಾನೇಜರ್ ಇಲ್ಲೇ ಅದಾರಲ್ರಿ. ನನ್ನ ಯಾಕ ಕರಸಿದ್ರಿ?

ಸುಮಿತ್ರಾಬಾಯಿ: ಜಾಹೀರಾತು ಹಾಕಸಿದಾಕಿ ನಾನ. ಸಾಕಾಗೇತಪಾ ನನಗ. ನಿನಗಿಂತ ಮೊದಲ ಆರು ಮಂದಿ ಬಂದು ಹೋದ್ರು. ಇವರು ಏನಂದ್ರೂ ‘ಹೌದ್ರಿ ಸಾವ್ಕಾರ್ರ’ ಅಂದ್ರು. ಇವರ ಮಾರಿ ಮುಂದ ಆಗಂಗಿಲ್ಲ ಅಂದಾವ ನೀನೊಬ್ಬ. ಉಳಿದದ್ದು ನಾ ಕಲಸ್ತೇನಿ.

ರಾಚಪ್ಪ: ತಡಿ, ತಡಿ. ಕಂಪನಿ ಮಾಲಕ ನಾನು. ಇವನ್ನ ತಗೋಬೇಕೋ ಬಿಡಬೇಕೋ ನಾ ಹೇಳಬೇಕು.

ಸುಮಿತ್ರಾಬಾಯಿ: ಹೇಳ್ರಿ ಮತ್ತ.

ರಾಚಪ್ಪನವರು ಗಂಟಲು ಸರಿಮಾಡಿಕೊಂಡು ಕಲ್ಮೇಶನನ್ನು ಗಂಭೀರವಾಗಿ ದಿಟ್ಟಿಸಿದರು. ಆಮೇಲೆ ಹೆಂಡತಿಯ ಕಡೆ ಬಗ್ಗಿ ಮೆಲ್ಲಗೆ ಕೇಳಿದರು.

ರಾಚಪ್ಪ: ಏನಂತ ಹೇಳ್ಲಿ?