ತೆಂಗಿನ ಮರಕ್ಕೆ ಕಟ್ಟಿದ ಬೈಕು

"ಇನ್ನು ಮುಂದೆ ನನ್ನ ಬೈಕು ನನ್ನ ಅಪ್ಪಣೆಯಿಲ್ಲದೆ ಒಂದಂಗುಲವೂ ಕದಲುವುದಿಲ್ಲ!" ಎಂದು ಆ ಭಾನುವಾರ ಬೆಳಿಗ್ಗೆ ನಾನು ಅಂಗಳದ ನಡುವೆ ನಿಂತು ಘೋಷಿಸಿದೆ. ಕೇಳಿಸಿಕೊಂಡವರು ನನ್ನ ಹೆಂಡತಿ ನಿಶಾ, ಕೆಳಗಿನ ಮನೆಯ ಬೊಮ್ಮಿ ಅಕ್ಕ ಮತ್ತು ಆಕೆಯ ಕೋಳಿಗಳು. ಹೆಂಗಸರಿಬ್ಬರೂ ನಕ್ಕರು. ಕೋಳಿಗಳು ಮಾತ್ರ ಗಾಬರಿಯಿಂದ ಬೇಲಿಯಾಚೆ ಹಾರಿದವು. ಪಾಪ, ಅವಕ್ಕೆ ಅನುಭವವಿತ್ತು.

ನನ್ನ ಕೆಲಸ ಅಂಕೋಲೆಯ ಒಂದು ಕಚೇರಿಯಲ್ಲಿ, ಮನೆ ಕಾರವಾರದ ಶಿರವಾಡದ ಗುಡ್ಡದ ಓರೆಯಲ್ಲಿ. ಅಂಗಳ ಎಂದರೆ ಮೆಟ್ಟಿಲಿನಿಂದ ಗೇಟಿನವರೆಗೆ ಒಂದೇ ಸಮನೆ ಇಳಿಜಾರು. ನನ್ನ ಹಳೆಯ ಪೆಟ್ರೋಲ್ ಬೈಕನ್ನು ಗೇರಿಗೆ ಹಾಕಿ ಬಿಟ್ಟರೆ ಹಟ ಹಿಡಿದ ಎಮ್ಮೆಯಂತೆ ನಿಂತಲ್ಲೇ ನಿಲ್ಲುತ್ತಿತ್ತು. ಅದು ಮುದಿಯಾಯಿತೆಂದು ಈ ಕರೆಂಟಿನ ಬೈಕು ತಂದೆ. ಹೊಗೆಯಿಲ್ಲ, ಸದ್ದಿಲ್ಲ, ಕ್ಲಚ್ಚಿಲ್ಲ, ಗೇರಿಲ್ಲ! ಗೇರೇ ಇಲ್ಲದ ಮೇಲೆ ಗೇರಿಗೆ ಹಾಕುವುದೆಲ್ಲಿಂದ ಬಂತು? ಆ ಸತ್ಯ ಮೊದಲು ಗೊತ್ತಾದದ್ದು ಬೊಮ್ಮಿ ಅಕ್ಕನ ಕೋಳಿಗೂಡಿಗೆ. ನಾನು ಚಹಾ ಕುಡಿಯುತ್ತಿದ್ದಾಗ ಬೈಕು ತಾನೇ ಸ್ಟ್ಯಾಂಡ್ ಮಡಚಿಕೊಂಡು, ತೆರೆದಿದ್ದ ಗೇಟು ದಾಟಿ, ನೇರ ಅಲ್ಲಿಗೆ ಹೋಗಿತ್ತು.

ಗೂಡಿಗೆ ಹೊಸ ತಟ್ಟಿ ಕಟ್ಟಿಕೊಟ್ಟು ಬಂದ ಮೇಲೆ ನಿಶಾ ತೀರ್ಪು ಕೊಟ್ಟಳು.

"ನಾ ಮೊದ್ಲೇ ಹೇಳಿದ್ದೆ, ಸ್ಕೂಟರ್ ತಕ್ಕೊಳ್ವ ಅಂತ. ಇನ್ನೊಂದ್ಸಲ ಉರುಳ್ಲಿ, ಇದ್ನ ಮಾರೂದೇ. ಸ್ಕೂಟರ್ ತರೂದೇ."

ಸ್ಕೂಟರ್! ನಾನು! ಎದೆಯೆತ್ತಿ ಬೈಕಿನ ಮೇಲೆ ಅಂಕೋಲೆಯನ್ನು ಪ್ರವೇಶಿಸುವ ಈ ಸತೀಶ, ಕಾಲು ಜೋಡಿಸಿಕೊಂಡು ಕುರ್ಚಿಯ ಮೇಲೆ ಕೂತ ಹಾಗೆ ಕೂರುವುದೇ?

"ಬೈಕಿನ ಮೂತಿ ಮೇಲ್ಮಾಡಿ ನಿಲ್ಸಿ, ಸಾಕು" ಎಂದಳು.

"ಬೈಕು ಹೊರಡುವ ದಿಕ್ಕಿಗೆ ಮುಖ ಮಾಡಿ ನಿಂತರೇ ಶೋಭೆ ಕಣೇ. ನಿನಗೆ ಅದೆಲ್ಲ ಗೊತ್ತಾಗುವುದಿಲ್ಲ."

ಅಂದಮೇಲೆ ಉಪಾಯ ನಾನೇ ಹುಡುಕಬೇಕಲ್ಲ? ಬ್ರೇಕಿನ ಹಿಡಿಕೆಗೆ ರಬ್ಬರ್ ಬ್ಯಾಂಡ್ ಬಿಗಿದೆ. ಮಧ್ಯಾಹ್ನದ ಬಿಸಿಲಿಗೆ ಅದು ಪಟ್ಟನೆ ಹರಿಯಿತು. ಪುಣ್ಯಕ್ಕೆ ನಾನು ಪಕ್ಕದಲ್ಲೇ ಕಾವಲಿದ್ದೆ! ಚಕ್ರಕ್ಕೆ ಕೆಂಪುಕಲ್ಲು ಇಟ್ಟೆ. ಮರುದಿನ ಅದನ್ನು ತೆಗೆಯುವುದು ಮರೆತು ಹೊರಟು, ಕಲ್ಲಿನ ಮೇಲೆ ಹತ್ತಿ, ಇಳಿದು, ಸೊಂಟ ಹಿಡಿದುಕೊಂಡೇ ಕಚೇರಿಗೆ ಹೋದೆ.

ಇಂಥ ಹೊತ್ತಿನಲ್ಲಿ ಕದ್ವಾಡದಿಂದ ನನ್ನ ಮಾವ ಶಾಂತಾರಾಮರು ಮಗಳ ಮನೆಗೆ ಬಂದರು. ಕಾಳಿ ಹೊಳೆಯಲ್ಲಿ ದೋಣಿ ನಡೆಸುತ್ತಲೇ ಬದುಕು ಕಳೆದವರು. ನನ್ನ ಗೋಳು ಕೇಳಿ ಬಾಯಿತುಂಬ ನಕ್ಕು, ಅಳಿಯನನ್ನು ಎಂದಿನಂತೆ ಕೊಂಕಣಿಯಲ್ಲೇ ಕರೆದರು.

"ಅಯ್ಯ, ಇಷ್ಟೇಯಾ ಜಾಂವಯ್? ಕಟ್ಟಿಹಾಕಿ! ಮಳೆಗಾಲದ ಹೊಳೇಲಿ ನಾ ಕಟ್ಟಿದ ದೋಣಿ ಜಾಗ ಬಿಟ್ಟು ಹೋಗ್ಲಿಲ್ಲ. ಈ ಬೈಕು ಯಾವ ಲೆಕ್ಕ?"

ನನ್ನ ಆ ಭಾನುವಾರದ ಘೋಷಣೆಯ ಹಿಂದಿದ್ದ ಧೈರ್ಯ ಇದೇ. ಘೋಷಣೆ ಮುಗಿದೊಡನೆ ಮಾವ ಒಳಗಿನಿಂದ ಬಂದು, ಅಂಗಳದ ನಡುವಿನ ತೆಂಗಿನ ಮರಕ್ಕೆ ದೋಣಿಯ ಹಗ್ಗ ಸುತ್ತಿ, ಇನ್ನೊಂದು ತುದಿಯನ್ನು ಬೈಕಿನ ಹಿಂದಿನ ಕಂಬಿಗೆ ಬಿಗಿದು, ಗಂಟು ಹಾಕಿದರು. ಎಂಥ ಗಂಟು! ನೋಡಿದರೆ ಕೈಮುಗಿಯಬೇಕು. ಆದರೆ ನಡುವೆ ಹಗ್ಗ ನೆಲದ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿತ್ತು.

"ಮಾವ, ಹಗ್ಗ ಇಷ್ಟು ಸಡಿಲ ಬೇಕಾ?"

"ಬೇಕಲ್ರಾ! ಉಬ್ಬರ-ಇಳಿತಕ್ಕೆ ಬಿಡ್ಬೇಕು. ಬಿಗಿ ಕಟ್ಟಿದ್ರೆ ನೀರು ಇಳಿದಾಗ ನೇತಾಡ್ತದೆ."

ಶಿರವಾಡದ ಗುಡ್ಡಕ್ಕೆ ಯಾವ ಉಬ್ಬರ, ಯಾವ ಇಳಿತ? ಕೇಳಬೇಕೆಂದು ನಾಲಿಗೆ ತುದಿಗೆ ಬಂತು. ಆದರೆ ಹೆಣ್ಣು ಕೊಟ್ಟ ಮಾವ. ಅಳಿಯನಾದವನು ಎದುರಾಡುವುದುಂಟೇ? ಸುಮ್ಮನೆ ತಲೆಯಾಡಿಸಿದೆ.

ಕೆಳಗೆ, ಗೇಟಿನ ಸಮೀಪ, ನಿಶಾ ಮತ್ತು ಬೊಮ್ಮಿ ಅಕ್ಕ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಕೋಳಿಗಳ ಕಾಟಕ್ಕೆ ಹಪ್ಪಳಗಳನ್ನು ನೆಲದ ಮೇಲೆ ಹಾಕದೆ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಹಲಗೆಯಿಟ್ಟು, ಹಳೆಯ ಸೀರೆ ಹಾಸಿ, ಗೇಟಿನಿಂದ ತೆಂಗಿನ ಮರದ ಪಕ್ಕದವರೆಗೂ ಸಾಲಾಗಿ ಹರಡಿದ್ದರು. ಇಡೀ ಮಳೆಗಾಲದ ಹಪ್ಪಳ!

"ಈಗ ಎಲ್ರ ಎದ್ರಿಗೇ ತೋರಿಸ್ವ" ಎಂದರು ಮಾವ. "ಮೇಲೆ ಕೂತ್ಕೊಳ್ಳಿ. ಸ್ವಲ್ಪ ಭಾರ ಬೇಕು."

ಕೂತೆ. ಮಾವ ಸ್ಟ್ಯಾಂಡ್ ಮಡಚಿ, ದೋಣಿ ನೀರಿಗಿಳಿಸುವ ಹಾಗೆ "ಹೋಯ್!" ಎಂದು ಹಿಂದಿನಿಂದ ದೂಡಿದರು. ಬೈಕು ಸದ್ದಿಲ್ಲದೆ ಜಾರಿತು. ಸುರುಳಿ ಬಿಚ್ಚಿಕೊಂಡಿತು. ನಿಶಾಳ ಕಣ್ಣು ಅಗಲವಾಯಿತು. ಹಪ್ಪಳದ ಹಲಗೆ ನನ್ನ ಎದುರಿಗೇ ಬರತೊಡಗಿತು. ಇನ್ನೇನು ಬಡಿಯಬೇಕು, ಅಷ್ಟರಲ್ಲಿ ಹಗ್ಗ ಬಿಗಿದು, ಬೈಕು ಒಂದು ಗೇಣಿನ ದೂರದಲ್ಲಿ ಗಕ್ಕನೆ ನಿಂತಿತು!

"ಹೇಗೆ?" ಎಂದು ಕೂಗಿದೆ. ಬೊಮ್ಮಿ ಅಕ್ಕ ಚಪ್ಪಾಳೆ ತಟ್ಟಿದಳು. ಮಾವ ಮೀಸೆ ತಿರುವಿದರು. ನಾನಂತೂ ಸಾಮ್ರಾಜ್ಯ ಗೆದ್ದವನಂತೆ ಹೆಂಡತಿಯ ಕಡೆ ನೋಡಿದೆ.

ಅಲ್ಲಿಗೆ ಇಳಿದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗೆದ್ದ ಅರಸ ಬೈಕು ದೂಡಿಕೊಂಡು ಅರಮನೆಗೆ ಮರಳುವುದುಂಟೇ? ಕೀಲಿ ತಿರುಗಿಸಿದೆ. ಗತ್ತಿನಿಂದ ಹ್ಯಾಂಡಲ್ ಬಲಕ್ಕೆ ಹೊರಳಿಸಿದೆ. ಆಕ್ಸಿಲರೇಟರ್ ತಿರುವಿದೆ. ಹಗ್ಗ? ಹಗ್ಗ ನನ್ನ ಬೆನ್ನ ಹಿಂದಿತ್ತು, ಅದಕ್ಕಿಂತ ಹಿಂದೆ ನನ್ನ ಬುದ್ಧಿಯಿತ್ತು.

ಪೆಟ್ರೋಲ್ ಬೈಕಾಗಿದ್ದರೆ ಎರಡು ಸಲ ಕೆಮ್ಮಿ ಆಫ್ ಆಗುತ್ತಿತ್ತು. ಇದು ಹಾಗಲ್ಲ! ಗೂಟಕ್ಕೆ ಕಟ್ಟಿದ ಕರುವಿನಂತೆ ಮರದ ಸುತ್ತ ಓಡತೊಡಗಿತು. ಹೆದರಿದವನು ಕೈಗೆ ಸಿಕ್ಕಿದ್ದನ್ನು ಇನ್ನಷ್ಟು ಬಿಗಿಹಿಡಿಯುತ್ತಾನೆ. ನನ್ನ ಕೈಗೆ ಸಿಕ್ಕಿದ್ದು ಆಕ್ಸಿಲರೇಟರ್! ಬಿಗಿದ ಹಗ್ಗ ಅಂಗಳವನ್ನು ಗುಡಿಸುತ್ತಾ ಬಂತು. ಕುರ್ಚಿಗಳು ಮಗುಚಿದವು. ಹಪ್ಪಳಗಳು ಆಕಾಶಕ್ಕೆ ಹಾರಿ, ಒಂದೊಂದಾಗಿ ಕೆಂಪು ಮಣ್ಣಿಗೆ ಇಳಿದವು. ಬೊಮ್ಮಿ ಅಕ್ಕ ಆ ವಯಸ್ಸಿನಲ್ಲೂ ಹಗ್ಗದ ಮೇಲಿಂದ ಜಿಗಿದಳು.

"ಬಿಡ್ರಾ! ಕೈ ಬಿಡ್ರಾ!" ಎಂದು ಕೂಗುತ್ತಿದ್ದಳು ನಿಶಾ.

"ಕೈ ಬಿಟ್ಟರೆ ಬೀಳುತ್ತೇನೆ!"

"ಬೀಳಿ ಅಂದ್ರೆ!"

ಸುತ್ತಿದಂತೆಲ್ಲ ಹಗ್ಗ ಗಿಡ್ಡವಾಯಿತು. ಕೊನೆಗೆ ನಾನು ಮತ್ತು ಬೈಕು ತೆಂಗಿನ ಮರವನ್ನು ಗಟ್ಟಿಯಾಗಿ ತಬ್ಬಿಕೊಂಡು ನಿಂತೆವು. ಮಾವ ನಿಧಾನಕ್ಕೆ ಬಂದು, ನನ್ನನ್ನು ನೋಡದೆ, ಮೊದಲು ಗಂಟು ನೋಡಿದರು.

"ಕಾಯ್ ನಾ, ಏನೂ ಆಗ್ಲಿಲ್ಲ!" ಎಂದು ಹೆಮ್ಮೆಯಿಂದ ಹೇಳಿದರು. "ಒಂಚೂರೂ ಜಾರ್ಲಿಲ್ಲ!"

ಆ ಗಂಟು ಯಾರಿಂದಲೂ ಬಿಚ್ಚಲಾಗದೆ, ಹಗ್ಗವನ್ನೇ ಕತ್ತಿಯಿಂದ ಕಡಿದು ನನ್ನನ್ನು ಬಿಡಿಸಬೇಕಾಯಿತು. ಮೊಣಕೈ ತರಚಿತ್ತು. ಮಣ್ಣು ಮೆತ್ತಿದ ಹಪ್ಪಳಗಳ ನಡುವೆ ಕೋಳಿಗಳು ಹಬ್ಬ ಮಾಡುತ್ತಿದ್ದವು. ಆದರೂ ನನಗೆ ಬೈಕಿನದೇ ಚಿಂತೆ.

"ನೋಡು, ನ್ಯಾಯವಾಗಿ ಹೇಳು" ಎಂದೆ. "ಬೈಕು ಉರುಳಲಿಲ್ಲ. ಓಡಿತು. ಉರುಳುವುದು ಬೇರೆ, ಓಡುವುದು ಬೇರೆ."

ನಿಶಾ ಸೀರೆ ಕೊಡವಿ ನೇರ ಒಳಗೆ ಹೋದಳು. ಅದೇ ಅಪಾಯದ ಲಕ್ಷಣ. ಚೂಡಿದಾರ ಹಾಕಿಕೊಂಡು ಬಂದು, ನನ್ನ ಮುಂದೆ ಕೈ ಚಾಚಿದಳು.

"ಕೀಲಿ ಕೊಡಿ. ಬೊಬ್ರುವಾಡಕ್ಕೆ ನಮ್ಮಕ್ಕನ ಮನೆಗೆ ಹೋಗಿ ಹಲಸಿನಕಾಯಿ ತರ್ತೆ. ಹಪ್ಪಳ ಮತ್ತೆ ಆಗ್ಬೇಕಲ್ಲ?"

"ಇದು ಬೈಕು ಕಣೇ! ನಿನಗೆ ಬರುವುದಿಲ್ಲ."

"ನಮ್ಮಕ್ಕನ ಸ್ಕೂಟರ್ ಹೊಡೆದೇ ಲೈಸೆನ್ಸ್ ತೆಗೆದದ್ದು ನಾನು. ಇದ್ರಲ್ಲಿ ಗೇರೇ ಇಲ್ಲ. ಬರದೇ ಇರೂಕೆ ಎಂತ ಅದೆ?"

ಅವಳು ಹೋದಳು. ಸದ್ದೇ ಇಲ್ಲದೆ ಹೋದಳು. ನಾನು ಇಡೀ ಮಧ್ಯಾಹ್ನ ಮಣ್ಣಿನ ಹಪ್ಪಳ ಆರಿಸುತ್ತಾ, ಮಾವನಿಂದ ಗಂಟಿನ ಮಹಿಮೆ ಕೇಳುತ್ತಾ ಕೂತೆ. ಸಂಜೆ ಬೈಕು ಬಂತು, ಹಿಂದೆ ಗೋಣಿಚೀಲದಲ್ಲಿ ಹಲಸಿನಕಾಯಿ. ನಿಶಾ ಅದನ್ನು ಸಲೀಸಾಗಿ ತಿರುಗಿಸಿ, ಮೂತಿ ಮೇಲ್ಮಾಡಿ, ಹಿಂದಿನ ಚಕ್ರವನ್ನು ಕಾಂಪೌಂಡ್ ಗೋಡೆಗೆ ತಾಗಿಸಿ ನಿಲ್ಲಿಸಿ, ತಿರುಗಿಯೂ ನೋಡದೆ ಮೆಟ್ಟಿಲು ಹತ್ತಿದಳು.

ನಾನು ಉಸಿರು ಬಿಗಿಹಿಡಿದು ಕಾದೆ. ಬೈಕು ಅಲ್ಲಾಡಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ತಳ್ಳಿಯೂ ನೋಡಿದೆ. ಊಹೂಂ!

"ನಿಂತಿತಲ್ಲ!" ಎಂದೆ. ಎದೆ ಹಗುರವಾಗಿತ್ತು. "ಹಾಗಾದರೆ ಇದನ್ನು ಮಾರುವುದಿಲ್ಲ ತಾನೇ?"

"ಮಾರೂದ್ಯಾಕೆ? ಎಷ್ಟು ಚಂದ ಓಡ್ತದೆ! ನಿಲ್ಲು ಅಂದಲ್ಲಿ ನಿಲ್ತದೆ" ಎಂದಳು ನಿಶಾ, ಕೀಲಿಯನ್ನು ತನ್ನ ಪರ್ಸಿಗೆ ಹಾಕಿಕೊಳ್ಳುತ್ತಾ. "ಇದು ನಂಗಿರ್ಲಿ. ಸ್ಕೂಟರ್ ನಿಮಗೆ ತಕ್ಕೊಳ್ವ."